ಸೆಫ್ ರಿವ್ಯೂ: ಬರೆದಿದ್ದು ಒಂದು, ನಡೀತಿರೋದು ಇನ್ನೊಂದು

ಸ್ಟೋರೇಜ್ ಸಾಫ್ಟ್‌ವೇರ್ ರಿವ್ಯೂ ಅಂದ್ರೆ ಎಷ್ಟು ಸ್ಪೀಡ್ ಬಂತು, ಎಷ್ಟು ಐಆಪ್ಸ್ (ಸೆಕೆಂಡಿಗೆ ಎಷ್ಟು ರೀಡ್-ರೈಟ್) ಸಿಕ್ತು ಅಂತ ಗ್ರಾಫ್ ಹಾಕೋದು ವಾಡಿಕೆ. ನಾನು ಅದಕ್ಕೆ ಹೋಗಲ್ಲ, ಯಾಕಂದ್ರೆ ಆ ನಂಬರ್ರುಗಳೆಲ್ಲ ಅವರವರ ಡಿಸ್ಕು, ಅವರವರ ನೆಟ್‌ವರ್ಕಿನ ಮೇಲೆ ನಿಂತಿರ್ತವೆ, ನಂದು ತಗೊಂಡು ನಿಮಗೇನೂ ಆಗ್ಬೇಕಾಗಿಲ್ಲ. ಸೆಫ್ ಕ್ಲಸ್ಟರುಗಳನ್ನ ನೋಡ್ಕೊಳ್ಳೋದೇ ನನ್ನ ಕೆಲಸ, ವರ್ಷಗಳಿಂದ ಅದರ ಜೊತೆಗೇ ಬದುಕ್ತಿದೀನಿ, ಅದಕ್ಕೇ ನಾನು ಕೇಳೋ ಪ್ರಶ್ನೆ ಬೇರೆ. ನಾವು ಕಾನ್ಫಿಗರೇಷನ್ನಲ್ಲಿ ತಪ್ಪು ಮಾಡಿದಾಗ ಇದು ಹೇಗೆ ನಡ್ಕೊಳ್ಳುತ್ತೆ? ಡೇಟಾ ಉಳಿಸುತ್ತಾ? ತಪ್ಪು ಎಲ್ಲಿದೆ ಅಂತ ಹುಡುಕೋಕೆ ದಾರಿ ಕೊಡುತ್ತಾ? ಡೇಟಾ ಉಳಿಸೋದಕ್ಕೆ 5ಕ್ಕೆ 5 ಕೊಡ್ತೀನಿ, ತಪ್ಪು ಹುಡುಕೋ ದಾರಿಗೆ 5ಕ್ಕೆ 3. ಆ ಎರಡು ಮಾರ್ಕ್ಸ್ ಎಲ್ಲಿ ಹೋಯ್ತು ಅನ್ನೋದೇ ಈ ಬರಹ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಸೆಫ್ ಅಂದ್ರೆ ಹಲವು ಸರ್ವರುಗಳ ಡಿಸ್ಕುಗಳನ್ನ ಸೇರಿಸಿ (ಆ ಗುಂಪೇ ಕ್ಲಸ್ಟರ್) ಒಂದೇ ದೊಡ್ಡ ಸ್ಟೋರೇಜ್ ಮಾಡೋ ಓಪನ್ ಸೋರ್ಸ್ ಸಾಫ್ಟ್‌ವೇರ್, ಸೇಜ್ ವೈಲ್ ಅನ್ನೋರು ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಸಾಂಟಾ ಕ್ರೂಜ್‌ನಲ್ಲಿ ಪಿಎಚ್‌ಡಿ ಮಾಡ್ತಾ ಶುರು ಮಾಡಿದ್ದು, ಅದರ ಮುಖ್ಯ ಪೇಪರ್ ಬಂದಿದ್ದು 2006ರಲ್ಲಿ. ಆಕ್ಟೋಪಸ್ ಜಾತಿಯ ಪ್ರಾಣಿಗಳಿಗೆ ಸೆಫಲೋಪಾಡ್ ಅಂತಾರಲ್ಲ, ಹೆಸರು ಅಲ್ಲಿಂದ ಬಂದಿದ್ದು, ವರ್ಷನ್ನುಗಳಿಗೂ ಅಕ್ಷರ ಕ್ರಮದಲ್ಲಿ ಸಮುದ್ರದ್ದೇ ಹೆಸರಿಡ್ತಾರೆ, 2022ರಲ್ಲಿ ಕ್ವಿನ್ಸಿ, 2023ರಲ್ಲಿ ರೀಫ್, 2024ರಲ್ಲಿ ಸ್ಕ್ವಿಡ್ ಹೀಗೆ. ಒಂದೊಂದು ಡಿಸ್ಕಿಗೂ ಒಂದು ಓಎಸ್‌ಡಿ ಅನ್ನೋ ಪ್ರೋಸೆಸ್ ಇರುತ್ತೆ, ಕ್ಲಸ್ಟರ್ ಲೆಕ್ಕಪತ್ರ ಇಟ್ಕೊಳ್ಳೋಕೆ ಮೂರೋ ಐದೋ ಮಾನಿಟರುಗಳಿರ್ತವೆ, ಡೇಟಾನ ಪಿಜಿ ಅನ್ನೋ ಗುಂಪುಗಳಾಗಿ ಮಾಡಿ ಡೀಫಾಲ್ಟಾಗಿ ಮೂರು ಮೂರು ಕಾಪಿ ಬೇರೆ ಬೇರೆ ಸರ್ವರಲ್ಲಿ ಇಡುತ್ತೆ. ಯಾವ ಡೇಟಾ ಎಲ್ಲಿದೆ ಅಂತ ಬರೆದಿಟ್ಟ ದೊಡ್ಡ ಪಟ್ಟಿ ಎಲ್ಲೂ ಇಲ್ಲ, ಸರ್ವರು, ಡಿಸ್ಕುಗಳ ಒಂದು ಚಿಕ್ಕ ಮ್ಯಾಪ್ ಇಟ್ಕೊಂಡು ಕ್ರಶ್ ಅನ್ನೋ ಲೆಕ್ಕಾಚಾರದಿಂದ ಪ್ರತಿಯೊಬ್ಬ ಕ್ಲೈಂಟೂ ತಾನೇ ಜಾಗ ಕಂಡ್ಕೊಳ್ಳುತ್ತೆ. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಸೆಫ್‌ನಲ್ಲಿ ಕಾನ್ಫಿಗರೇಷನ್ ತಪ್ಪು ಅಷ್ಟು ದುಬಾರಿ ಆಗೋದು ಇದರಿಂದಾನೇ. ಮ್ಯಾಪಲ್ಲಿ ಒಂದು ಹೆಸರು ಬದಲಾದ್ರೆ ಲೆಕ್ಕದ ಉತ್ತರ ಬದಲಾಗುತ್ತೆ, ಉತ್ತರ ಬದಲಾದ್ರೆ ನಿಜವಾದ ಡೇಟಾ ಟೆರಾಬೈಟುಗಟ್ಲೆ ನೆಟ್‌ವರ್ಕ್ ಮೇಲೆ ಹೊರಡುತ್ತೆ.

ನನಗೆ ಅತೀ ಹೆಚ್ಚು ಕಲಿಸಿದ ಘಟನೆಯಿಂದ ಶುರು ಮಾಡ್ತೀನಿ. ಕ್ಲಸ್ಟರಿಗೆ ಹೊಸ ಸರ್ವರ್ ಒಂದು ಸೇರಿಸಿದ್ವಿ, ಹನ್ನೆರಡು ಡಿಸ್ಕು, ಎರಡು ನೆಟ್‌ವರ್ಕು, ಕ್ಲೈಂಟ್ ಟ್ರಾಫಿಕ್ಕಿಗೆ ಪಬ್ಲಿಕ್ ನೆಟ್‌ವರ್ಕ್, ಡಿಸ್ಕುಗಳ ಮಧ್ಯೆ ಕಾಪಿ ಓಡಾಡೋಕೆ ಕ್ಲಸ್ಟರ್ ನೆಟ್‌ವರ್ಕ್. ಸೇರಿಸಿದ ಅರ್ಧ ಗಂಟೆಗೆ ಆ ಸರ್ವರ್ ಓಎಸ್‌ಡಿಗಳು ಡೌನ್ ಆಗೋದು, ಅರೆಕ್ಷಣಕ್ಕೆ ಮತ್ತೆ ಅಪ್ ಆಗೋದು, ಮತ್ತೆ ಡೌನ್, ಹೀಗೇ ನಡೀತು. ಪಿಜಿಗಳು ಪೀರಿಂಗಲ್ಲೇ (ಕಾಪಿಗಳು ಒಂದಕ್ಕೊಂದು ಮಾತಾಡಿ ಒಪ್ಕೊಳ್ಳೋ ಹಂತ) ಕೂತ್ಬಿಟ್ವು, ಸ್ಲೋ ಆಪ್ಸ್ (ತಡವಾಗಿ ನಿಂತಿರೋ ಕೆಲಸಗಳು) ಎಣಿಕೆ ಏರ್ತಾ ಹೋಯ್ತು, ಈ ಕಡೆ ವರ್ಚುವಲ್ ಮಷೀನುಗಳವರು ಡಿಸ್ಕ್ ಹ್ಯಾಂಗ್ ಆಗಿದೆ ಅಂತ ಫೋನ್ ಮೇಲೆ ಫೋನು. ಓಎಸ್‌ಡಿ ಲಾಗ್ ತೆಗೆದ್ರೆ ಎರಡು ಥರದ ಸಾಲು. ಹಳೇ ಸರ್ವರಿನ ಓಎಸ್‌ಡಿಗಳು ಹೊಸದರಿಂದ ಹಾರ್ಟ್‌ಬೀಟ್ (ಬದುಕಿದೀಯಾ ಅಂತ ಆಗಾಗ ಕೇಳೋ ಮೆಸೇಜ್) ಉತ್ತರ ಬಂದಿಲ್ಲ ಅಂತಿದ್ವು, ಹೊಸ ಓಎಸ್‌ಡಿಗಳು ಮ್ಯಾಪ್ ನನ್ನನ್ನ ತಪ್ಪಾಗಿ ಡೌನ್ ಅಂತ ಗುರುತು ಮಾಡಿದೆ ಅಂತಿದ್ವು. ಎರಡೂ ನಿಜಾನೇ ಹೇಳ್ತಿದ್ವು ಅಂತ ಅರ್ಥ ಆಗೋಕೆ ನಮಗೆ ಐದು ಗಂಟೆ ಬೇಕಾಯ್ತು.

ಮೊದಲು ಡಿಸ್ಕ್ ಮೇಲೆ ಅನುಮಾನ ಪಟ್ವಿ, ಡಿಸ್ಕ್ ಆರೋಗ್ಯ ನೋಡೋ ಸ್ಮಾರ್ಟ್ ಟೆಸ್ಟ್ ಓಡಿಸಿದ್ವಿ, ಎಲ್ಲಾ ಚೆನ್ನಾಗಿತ್ತು. ಆಮೇಲೆ ಕಂಟ್ರೋಲರ್ ಫರ್ಮ್‌ವೇರ್. ಆಮೇಲೆ ನಾನೇ ಒಂದು ಕೆಟ್ಟ ಕೆಲಸ ಮಾಡಿದೆ, ಹಾರ್ಟ್‌ಬೀಟ್ ಗ್ರೇಸ್, ಅಂದ್ರೆ ಉತ್ತರಕ್ಕೆ ಕಾಯೋ ಹೊತ್ತು, ಡೀಫಾಲ್ಟ್ 20 ಸೆಕೆಂಡು ಇರುತ್ತೆ, ಅದನ್ನ 60ಕ್ಕೆ ಏರಿಸಿದೆ. ಡೌನ್-ಅಪ್ ಆಟ ಕಮ್ಮಿ ಆಯ್ತು, ಸ್ಲೋ ಆಪ್ಸ್ ಇನ್ನೂ ಜಾಸ್ತಿ ಆಯ್ತು, ಯಾಕಂದ್ರೆ ಸತ್ತಿರೋ ದಾರೀಲಿ ಕ್ಲಸ್ಟರ್ ಈಗ ಮೂರು ಪಟ್ಟು ಹೊತ್ತು ಕಾಯ್ತಾ ಕೂರ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ ಆಯ್ತು ಅದು. ಗ್ರೇಸ್ ಏರಿಸಿ ಈ ಡೌನ್-ಅಪ್ ಆಟ (ಫ್ಲ್ಯಾಪಿಂಗ್) ನಿಲ್ಲಿಸೋಕೆ ದಯವಿಟ್ಟು ಹೋಗ್ಬೇಡಿ, ಅದು ಕಾಯಿಲೆ ಮುಚ್ಚಿಡೋ ಕೆಲಸ, ವಾಸಿ ಮಾಡೋ ಕೆಲಸ ಅಲ್ಲ.

ಕೊನೆಗೆ ಜೊತೆಯಲ್ಲಿದ್ದ ಗೆಳೆಯ ಪಿಂಗ್ ಹೊಡೆದು ನೋಡೋಣ ಅಂದ. ಪಿಂಗ್ ಆಗಲೇ ಹೊಡೆದಿದ್ವಿ, ಉತ್ತರ ಸರಿಯಾಗೇ ಬರ್ತಿತ್ತು, ಆದ್ರೆ ಅದು 64 ಬೈಟಿನ ಪುಟ್ಟ ಪಿಂಗು. ಅವನು ಈ ಸಲ ಪ್ಯಾಕೆಟ್ ಒಡೀಬಾರ್ದು ಅಂತ ಫ್ಲ್ಯಾಗ್ ಹಾಕಿ ಸೈಜ್ 8972 ಕೊಟ್ಟ. ದೊಡ್ಡ ಪ್ಯಾಕೆಟ್ಟಿಗೆ, ಅಂದ್ರೆ ಜಂಬೋ ಫ್ರೇಮಿಗೆ, ಎಂಟಿಯು (ಒಂದು ಸಲಕ್ಕೆ ಕಳಿಸ್ಬಹುದಾದ ಗರಿಷ್ಠ ಬೈಟು) 9000 ತಾನೇ, ಅದರಲ್ಲಿ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಕಳೆದ್ರೆ 8972. ಎಂಟರ್ ಹೊಡೆದ, ಸ್ಕ್ರೀನ್ ಹಾಗೇ ನಿಂತುಬಿಡ್ತು, ಒಂದು ಉತ್ತರಾನೂ ಇಲ್ಲ. 1472ಕ್ಕೆ (1500ರಲ್ಲಿ ಅದೇ 28 ಕಳೆದಿದ್ದು) ಇಳಿಸಿದ, ಪಟಪಟ ಅಂತ ಬಂತು. 1473 ಕೊಟ್ಟ, ಮತ್ತೆ ಮೌನ. ಆ ಒಂದು ಬೈಟಿನ ವ್ಯತ್ಯಾಸದಲ್ಲಿ ಎಲ್ಲಾ ಕಂಡುಬಿಡ್ತು, ಸರ್ವರಲ್ಲಿ 9000 ಇದೆ, ಹಳೇ ಸ್ವಿಚ್ ಪೋರ್ಟುಗಳಲ್ಲೂ ಇದೆ, ಹೊಸ ಸರ್ವರ್ ಸಿಕ್ಕಿಸಿದ ಸ್ವಿಚ್ ಮಾತ್ರ 1500ರಲ್ಲೇ ಉಳ್ಕೊಂಡಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಹೇಳ್ಲೇಬೇಕು. ಸರ್ವರಿನಲ್ಲೇ 1500 ಇದ್ದಿದ್ರೆ ಇಷ್ಟು ತೊಂದರೆ ಆಗ್ತಾನೇ ಇರ್ಲಿಲ್ಲ, ಟಿಸಿಪಿ ಕನೆಕ್ಷನ್ ಕಟ್ಟೋವಾಗ್ಲೇ ಎರಡೂ ಕಡೆಯವರು ತಮ್ಮ ತಮ್ಮ ಸೈಜ್ ಹೇಳ್ಕೊಂಡು ಚಿಕ್ಕದಕ್ಕೆ ಒಪ್ಕೊಳ್ತಾರೆ. ಮಧ್ಯದ ಸ್ವಿಚ್ಚಿಗೆ ಆ ಮಾತುಕತೆ ಗೊತ್ತೇ ಇಲ್ಲ, ಅದು ದೊಡ್ಡ ಫ್ರೇಮ್ ಬಂದ್ರೆ ಯಾರಿಗೂ ಹೇಳ್ದೆ ಬಿಸಾಕುತ್ತೆ. ಹಾಗಾಗಿ ಕನೆಕ್ಷನ್ ಆಗುತ್ತೆ, ಚಿಕ್ಕ ಮೆಸೇಜ್ ಹೋಗುತ್ತೆ, ದೊಡ್ಡದು ಮಾಯ ಆಗುತ್ತೆ. ಸೆಫ್ ಮಾಡಿದೋರು ಇದನ್ನ ಮೊದಲೇ ಯೋಚನೆ ಮಾಡಿದಾರೆ, ಓಎಸ್‌ಡಿ ಹಾರ್ಟ್‌ಬೀಟ್ ಮೆಸೇಜಿಗೆ ಕನಿಷ್ಠ ಸೈಜ್ 2000 ಬೈಟ್ ಅಂತ ಡೀಫಾಲ್ಟ್ ಇಟ್ಟಿದಾರೆ, ಹೇಳೋಕೆ ಅಷ್ಟು ವಿಷಯ ಇಲ್ಲದಿದ್ರೂ ಖಾಲಿ ತುಂಬಿ 2000 ಮಾಡ್ತಾರೆ. ಯಾಕೆ ಗೊತ್ತಾ, 1500 ದಾಟದ ದಾರಿ ಇದ್ರೆ ಹಾರ್ಟ್‌ಬೀಟೇ ಬೀಳ್ಲಿ, ಡೇಟಾ ಅರ್ಧ ದಾರೀಲಿ ನೇತಾಡೋದು ಬೇಡ ಅಂತ. ನಮಗೆ ಆಗಿದ್ದೂ ಅದೇ, ಕ್ಲಸ್ಟರ್ ನೆಟ್‌ವರ್ಕಲ್ಲಿ ಹಾರ್ಟ್‌ಬೀಟ್ ಬಿತ್ತು, ಪಕ್ಕದವರು ದೂರು ಕೊಟ್ರು, ಬೇರೆ ಬೇರೆ ಸರ್ವರಿನ ಇಬ್ಬರು ದೂರು ಕೊಟ್ರೆ ಮಾನಿಟರ್ ಡೌನ್ ಅಂತ ಮಾಡುತ್ತೆ, ಆದ್ರೆ ಮಾನಿಟರ್ ಜೊತೆ ಮಾತಾಡೋದು ಪಬ್ಲಿಕ್ ನೆಟ್‌ವರ್ಕಲ್ಲಿ, ಅದು ಸರಿಯಾಗೇ ಇತ್ತು, ಹಾಗಾಗಿ ಓಎಸ್‌ಡಿ ಬಂದು ನಾನು ಬದುಕಿದೀನಿ ಅಂತ ಅಪ್ ಆಗ್ತಿತ್ತು. ಇಷ್ಟು ಒಳ್ಳೇ ಯೋಚನೆ ಮಾಡಿಟ್ಟವರು ಹೆಲ್ತ್ ಡಿಟೇಲ್ ಕಮಾಂಡಿನ ಉತ್ತರದಲ್ಲಿ ಎಂಟಿಯು ನೋಡ್ಕೊಳ್ಳಿ ಅಂತ ಒಂದು ಸಾಲು ಹಾಕಿದ್ರೆ ನಮ್ಮ ಐದು ಗಂಟೆ ಉಳೀತಿತ್ತು. ಆ ಎರಡು ಮಾರ್ಕ್ಸ್‌ನಲ್ಲಿ ಒಂದು ಹೋಗಿದ್ದು ಇಲ್ಲೇ.

ಹಾಗೇ ಫೈರ್‌ವಾಲ್ ತಪ್ಪಿದ್ರೂ ಲಕ್ಷಣ ಹೆಚ್ಚುಕಮ್ಮಿ ಇದೇ ಥರ ಇರುತ್ತೆ, ಮಾನಿಟರಿಗೆ 3300 ಮತ್ತೆ 6789 ಪೋರ್ಟ್ ತೆಗೆದಿರ್ತಾರೆ, ಓಎಸ್‌ಡಿಗಳಿಗೆ ಬೇಕಾದ 6800ರಿಂದ ಮುಂದಿನ ಸಾಲು ಪಬ್ಲಿಕ್ ಕಡೆ ಮಾತ್ರ ತೆಗೆದು ಕ್ಲಸ್ಟರ್ ಕಡೆ ಮರೆತಿರ್ತಾರೆ. ಅಲ್ಲಿ ಚಿಕ್ಕ ಪಿಂಗೂ ದೊಡ್ಡ ಪಿಂಗೂ ಎರಡೂ ಹೋಗುತ್ತೆ, ಪೋರ್ಟಿಗೆ ಕನೆಕ್ಟ್ ಮಾಡಿ ನೋಡಿದ್ರೆ ಮಾತ್ರ ಸಿಗುತ್ತೆ.

ಎರಡನೇ ಘಟನೆ ಹೋಸ್ಟ್‌ನೇಮಿಂದು. ಒಂದು ನೋಡಿನ, ಅಂದ್ರೆ ಸರ್ವರಿನ, ಆಪರೇಟಿಂಗ್ ಸಿಸ್ಟಮ್ ಇದ್ದ ಡಿಸ್ಕ್ ಹೋಗಿ ರೀಇನ್‌ಸ್ಟಾಲ್ ಮಾಡಿದ್ವಿ, ಡೇಟಾ ಡಿಸ್ಕುಗಳು ಹಾಗೇ ಇದ್ವು, ಓಎಸ್‌ಡಿಗಳು ಆಕ್ಟಿವೇಟ್ ಆಗಿ ಅಪ್ ಆದ್ವು, ಸದ್ಯ ಮುಗೀತು ಅಂತ ಊಟಕ್ಕೆ ಎದ್ವಿ. ವಾಪಸ್ ಬರೋವಷ್ಟರಲ್ಲಿ ಮಿಸ್‌ಪ್ಲೇಸ್ಡ್ (ಜಾಗ ತಪ್ಪಿರೋ ಡೇಟಾ) ಪರ್ಸೆಂಟೇಜ್ ನೋಡಿ ಎದೆ ಧಸಕ್ ಅಂತು, ಆ ನೋಡಿನ ಪೂರ್ತಿ ಡೇಟಾ ಜಾಗ ಬಿಟ್ಟು ಹೊರಡೋಕೆ ಸಾಲುಗಟ್ಟಿ ನಿಂತಿತ್ತು. ಆಗಿದ್ದಿಷ್ಟೇ, ಇನ್‌ಸ್ಟಾಲ್ ಟೆಂಪ್ಲೇಟು ಸರ್ವರಿಗೆ ಬೇರೆ ಹೆಸರು ಕೊಟ್ಟಿತ್ತು. ಓಎಸ್‌ಡಿ ಶುರುವಾದಾಗ ತಾನಿರೋ ಹೋಸ್ಟ್‌ನೇಮ್ ನೋಡಿ ಕ್ರಶ್ ಮ್ಯಾಪಲ್ಲಿ ತನ್ನ ಜಾಗಾನ ತಾನೇ ಸರಿಮಾಡ್ಕೊಳ್ಳುತ್ತೆ, ಡೀಫಾಲ್ಟೇ ಹಾಗಿದೆ. ಹೊಸ ಹೆಸರಿನ ಹೋಸ್ಟ್ ಮ್ಯಾಪಲ್ಲಿ ಇರ್ಲಿಲ್ಲ, ಹೊಸದಾಗಿ ಒಂದು ಮಾಡ್ಕೊಂಡು ನೇರ ರೂಟ್, ಅಂದ್ರೆ ಮ್ಯಾಪಿನ ತುದಿಯ, ಕೆಳಗೆ ಹೋಗಿ ಕೂತ್ಕೊಳ್ತು, ಯಾವ ರ್‍ಯಾಕ್ ಒಳಗೂ ಇಲ್ಲ. ನಮ್ಮ ರೂಲು ರ್‍ಯಾಕಿಗೊಂದು ಕಾಪಿ ಅಂತ. ರ್‍ಯಾಕ್ ಹೊರಗಿರೋ ಹೋಸ್ಟಿಗೆ ಆ ರೂಲಿನ ಲೆಕ್ಕದಲ್ಲಿ ಜಾಗಾನೇ ಇಲ್ಲ, ಹಾಗಾಗಿ ಹನ್ನೆರಡು ಡಿಸ್ಕುಗಳೂ ಅಪ್ ಇವೆ, ಇನ್ (ಡೇಟಾ ತಗೊಳ್ಳೋ ಪಟ್ಟೀಲಿ) ಇವೆ, ಆದ್ರೆ ಅವಕ್ಕೆ ಸೇರಬೇಕಾದ ಪಿಜಿ ಸೊನ್ನೆ.

ಸೆಫ್ ಸ್ಟೇಟಸ್ ನೋಡಿದ್ರೆ ಎಲ್ಲಾ ಓಎಸ್‌ಡಿ ಅಪ್ ಅಂತಾನೇ ತೋರಿಸ್ತಿತ್ತು. ಓಎಸ್‌ಡಿ ಟ್ರೀ ಕಮಾಂಡ್ ಕೊಟ್ಟು ಕೆಳಗಿನ ತನಕ ಓದಿದಾಗ ಕಣ್ಣಿಗೆ ಬಿತ್ತು, ರ್‍ಯಾಕುಗಳ ಸಾಲಿನ ಆಚೆ ಒಂಟಿಯಾಗಿ ಒಂದು ಹೋಸ್ಟು, ಅದರ ಕೆಳಗೆ ನಮ್ಮ ಹನ್ನೆರಡು, ಮೇಲೆ ರ್‍ಯಾಕ್ ಒಳಗೆ ಹಳೇ ಹೆಸರಿನ ಹೋಸ್ಟ್ ಖಾಲಿ, ತೂಕ ಸೊನ್ನೆ. ತಕ್ಷಣ ನೋಬ್ಯಾಕ್‌ಫಿಲ್, ನೋರೀಬ್ಯಾಲೆನ್ಸ್ ಎರಡೂ ಫ್ಲ್ಯಾಗ್ ಹಾಕಿ ಓಡಾಟ ನಿಲ್ಲಿಸಿದ್ವಿ, ಹೋಸ್ಟ್‌ನೇಮ್ ಸರಿ ಮಾಡಿ ಓಎಸ್‌ಡಿಗಳನ್ನ ಒಂದೊಂದಾಗಿ ರೀಸ್ಟಾರ್ಟ್ ಮಾಡಿದ್ವಿ, ಅವು ತಂತಾವೇ ಹಳೇ ಹೋಸ್ಟಿನ ಕೆಳಗೆ ವಾಪಸ್ ಬಂದ್ವು, ಮಿಸ್‌ಪ್ಲೇಸ್ಡ್ ಸರಸರ ಇಳಿದು ಹೆಚ್ಚುಕಮ್ಮಿ ಸೊನ್ನೆಗೆ ಬಂತು. ಆಮೇಲೆ ಖಾಲಿ ಉಳಿದ ತಪ್ಪು ಹೆಸರಿನ ಹೋಸ್ಟನ್ನ ಮ್ಯಾಪಿಂದ ತೆಗೆದು ಫ್ಲ್ಯಾಗುಗಳನ್ನೂ ತೆಗೆದ್ವಿ.

ಇಷ್ಟೆಲ್ಲ ಆಗೋವಾಗ ಒಂದು ರೀಡೂ ಫೇಲ್ ಆಗಿರ್ಲಿಲ್ಲ, ನಾನು 5ಕ್ಕೆ 5 ಕೊಟ್ಟಿದ್ದು ಇದಕ್ಕೇ. ಮಿಸ್‌ಪ್ಲೇಸ್ಡ್ ಮತ್ತೆ ಡಿಗ್ರೇಡೆಡ್ ಅನ್ನೋದು ಬೇರೆ ಬೇರೆ, ಹೊಸಬರು ಎರಡನ್ನೂ ಒಂದೇ ಅಂದ್ಕೊಂಡು ಗಾಬರಿ ಬೀಳ್ತಾರೆ. ಡಿಗ್ರೇಡೆಡ್ ಅಂದ್ರೆ ಇರಬೇಕಾದಷ್ಟು ಕಾಪಿ ಇಲ್ಲ. ಮಿಸ್‌ಪ್ಲೇಸ್ಡ್ ಅಂದ್ರೆ ಕಾಪಿ ಎಲ್ಲಾ ಇದೆ, ಮ್ಯಾಪ್ ಹೇಳೋ ಜಾಗದಲ್ಲಿ ಇಲ್ಲ ಅಷ್ಟೇ. ಹೊಸ ಜಾಗದಲ್ಲಿ ಪೂರ್ತಿ ಬರೆದು ಮುಗಿಯೋ ತನಕ ಸೆಫ್ ಹಳೇ ಕಾಪಿಗೆ ಕೈ ಹಾಕಲ್ಲ. ನಮ್ಮ ತಪ್ಪು ಮ್ಯಾಪನ್ನೂ ಅದು ನಂಬಿ ಕೆಲಸ ಶುರು ಮಾಡ್ತು, ಆದ್ರೆ ಇರೋದನ್ನ ಬಿಟ್ಟುಕೊಡ್ಲಿಲ್ಲ.

ಈಗ ಕಾನ್ಫಿಗ್ ಬಗ್ಗೇನೇ ಬರ್ತೀನಿ, ನನ್ನ ದೊಡ್ಡ ತಕರಾರು ಇಲ್ಲೇ. ಮುಂಚೆ ಎಲ್ಲಾ ಸೆಟ್ಟಿಂಗು ಸೆಫ್ ಡಾಟ್ ಕಾನ್ಫ್ ಫೈಲಲ್ಲಿ ಇರ್ತಿತ್ತು, ಒಂದೊಂದು ಸರ್ವರಿಗೂ ಕಾಪಿ ಮಾಡ್ಬೇಕಿತ್ತು. 2018ರ ಮಿಮಿಕ್ ವರ್ಷನ್ನಿಂದ ಮಾನಿಟರುಗಳ ಒಳಗೇ ಕಾನ್ಫಿಗ್ ಡೇಟಾಬೇಸ್ ಬಂತು, ಒಂದು ಕಡೆ ಸೆಟ್ ಮಾಡಿದ್ರೆ ಎಲ್ಲಾ ಕಡೆ ಹೋಗುತ್ತೆ, ತುಂಬಾ ಒಳ್ಳೇ ವ್ಯವಸ್ಥೆ. ಆದ್ರೆ ಹಳೇ ಫೈಲು ಸಾಯ್ಲಿಲ್ಲ, ಬರೀ ಬದುಕಿರೋದಲ್ಲ, ಡೇಟಾಬೇಸಿಗಿಂತ ಅದರ ಮಾತೇ ಮೇಲು. ಮೊದಲು ಕೋಡಲ್ಲಿರೋ ಡೀಫಾಲ್ಟ್, ಅದರ ಮೇಲೆ ಡೇಟಾಬೇಸ್, ಅದರ ಮೇಲೆ ಆ ಸರ್ವರಿನ ಫೈಲು, ಅದರ ಮೇಲೆ ಎನ್ವಿರಾನ್ಮೆಂಟ್, ಕಮಾಂಡ್ ಲೈನ್, ಎಲ್ಲಕ್ಕಿಂತ ಮೇಲೆ ಓಡ್ತಿರೋವಾಗ ಯಾರೋ ಕೈಯಾರೆ ಬದಲಾಯಿಸಿದ್ದು.

ನಮಗೆ ಇದರಿಂದ ಏನಾಯ್ತಂದ್ರೆ, ಓಎಸ್‌ಡಿ ಮೆಮೊರಿ ಟಾರ್ಗೆಟ್ ಡೀಫಾಲ್ಟ್ 4 ಜಿಬಿ ಇರುತ್ತೆ, ರ್‍ಯಾಮ್ ಜಾಸ್ತಿ ಹಾಕಿಸಿದ್ಮೇಲೆ ಎಲ್ಲಾದಕ್ಕೂ 8 ಜಿಬಿ ಅಂತ ಸೆಟ್ ಮಾಡಿದ್ವಿ. ಒಂದು ನೋಡ್ ಮಾತ್ರ ನಿಧಾನ, ರೀಡ್ ಲೇಟೆನ್ಸಿ (ಓದೋಕೆ ಹಿಡಿಯೋ ಹೊತ್ತು) ಬೇರೆಯವಕ್ಕಿಂತ ಯಾವಾಗ್ಲೂ ಮೇಲೇ ಇರೋದು. ಕಾನ್ಫಿಗ್ ಗೆಟ್ ಕೊಟ್ಟು ಕೇಳಿದ್ರೆ 8 ಜಿಬಿ ಅಂತ ಉತ್ತರ ಬರ್ತಿತ್ತು, ಅದನ್ನ ನಂಬ್ಕೊಂಡು ವಾರಗಟ್ಲೆ ಬೇರೆ ಕಡೆ ಹುಡುಕಿದ್ವಿ. ಒಂದು ದಿನ ಪ್ರೋಸೆಸ್ ಎಷ್ಟು ಮೆಮೊರಿ ತಿಂತಿದೆ ಅಂತ ಸುಮ್ನೆ ನೋಡಿದ್ರೆ 2 ಜಿಬಿ ಹತ್ರ ಇದೆ. ಆಗ ಕಾನ್ಫಿಗ್ ಶೋ ಕೊಟ್ವಿ. ಗೆಟ್ ಮತ್ತೆ ಶೋ ಎರಡೂ ಕೇಳೋಕೆ ಒಂದೇ ಥರ ಇದ್ರೂ, ಗೆಟ್ ಹೇಳೋದು ಡೇಟಾಬೇಸಲ್ಲಿ ಏನು ಬರೆದಿದೆ ಅಂತ, ಶೋ ಹೇಳೋದು ಆ ಡೀಮನ್ (ಹಿಂದೆ ಓಡ್ತಿರೋ ಪ್ರೋಸೆಸ್) ಈಗ ಏನು ಇಟ್ಕೊಂಡು ಓಡ್ತಿದೆ ಅಂತ. ಶೋನಲ್ಲಿ ಸೋರ್ಸ್ ಅಂತ ಒಂದು ಕಾಲಮ್ ಇದೆ, ಆ ಸಾಲಿನ ಮುಂದೆ ಫೈಲ್ ಅಂತ ಇತ್ತು. ಆ ನೋಡಲ್ಲಿ ರ್‍ಯಾಮ್ ಕಮ್ಮಿ ಇದ್ದ ಕಾಲದಲ್ಲಿ ಯಾರೋ ಫೈಲಲ್ಲಿ 2 ಜಿಬಿ ಬರೆದು ಮರೆತಿದ್ರು. ಒಂದು ಸಾಲು ಅಳಿಸಿ ರೀಸ್ಟಾರ್ಟ್ ಮಾಡಿದ್ವಿ, ಮುಗೀತು.

ಆ ಸೋರ್ಸ್ ಕಾಲಮ್ ಸೆಫ್‌ನಲ್ಲಿ ನನಗೆ ಅತೀ ಇಷ್ಟವಾದ ವಿಷಯ ಅಂದ್ರೆ ನಂಬಿ. ಒಂದು ಸೆಟ್ಟಿಂಗಿನ ವ್ಯಾಲ್ಯೂ ಎಲ್ಲಿಂದ ಬಂತು ಅಂತ ಹೇಳೋ ಸಾಫ್ಟ್‌ವೇರ್ ಅಪರೂಪ. ಹಾಗೇ ಕಾನ್ಫಿಗ್ ಲಾಗ್ ಅಂತ ಒಂದಿದೆ, ಡೇಟಾಬೇಸಲ್ಲಿ ಯಾವಾಗ ಏನು ಬದಲಾಯ್ತು, ಹಳೇ ವ್ಯಾಲ್ಯೂ ಏನು ಹೊಸ ವ್ಯಾಲ್ಯೂ ಏನು ಅಂತ ಸಾಲಾಗಿ ತೋರಿಸುತ್ತೆ, ಕಾನ್ಫಿಗ್ ರೀಸೆಟ್ ಕೊಟ್ಟು ಹಿಂದಿನ ಸ್ಥಿತಿಗೆ ಹೋಗ್ಬಹುದು. ನಿನ್ನೆ ಚೆನ್ನಾಗಿತ್ತು ಇವತ್ತು ಕೆಟ್ಟಿದೆ ಅಂದಾಗ ನಾನು ಈಗ ಮೊದಲು ತೆಗೆಯೋದು ಇದನ್ನೇ. ಇಷ್ಟು ಒಳ್ಳೇ ಸಲಕರಣೆಗಳನ್ನ ಮೊದಲ ದಿನದಿಂದ ಯಾರೂ ಹೇಳ್ಕೊಡಲ್ಲ ಅನ್ನೋದೇ ಬೇಜಾರು. ಮೆಮೊರಿ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು, ಆ ಟಾರ್ಗೆಟ್ ಅನ್ನೋದು ಗುರಿ, ಮಿತಿ ಅಲ್ಲ, ರಿಕವರಿ (ಕಳೆದ ಕಾಪಿಗಳನ್ನ ಮತ್ತೆ ಕಟ್ಟೋ ಕೆಲಸ) ಟೈಮಲ್ಲಿ ದಾಟಿ ಹೋಗ್ಬಹುದು. 12 ಡಿಸ್ಕಿಗೆ 64 ಜಿಬಿ ರ್‍ಯಾಮ್ ಇರೋ ಸರ್ವರಲ್ಲಿ 4 ಜಿಬಿ ಲೆಕ್ಕದಲ್ಲೇ 48 ಹೋಯ್ತು, ಅಲ್ಲಿ 6 ಅಂತ ಬರೆದ್ರೆ 72, ಒಂದು ಡಿಸ್ಕ್ ಹೋದ ದಿನ ಮೆಮೊರಿ ಸಾಲದೆ ಕರ್ನಲ್ ಬಂದು ಓಎಸ್‌ಡಿಗಳನ್ನ ಒಂದೊಂದಾಗಿ ಕೊಲ್ಲೋಕೆ ಶುರು ಮಾಡುತ್ತೆ.

ಬರೆದಿದ್ದು ನಡೆಯದೇ ಇರೋಕೆ ಇನ್ನೊಂದು ಕಾರಣ, ಕೆಲವು ಸೆಟ್ಟಿಂಗು ಹುಟ್ಟುವಾಗ ಮಾತ್ರ ಕೆಲಸ ಮಾಡ್ತವೆ. ಪೂಲ್ ಅಂದ್ರೆ ಡೇಟಾ ಇಡೋ ಒಂದೊಂದು ವಿಭಾಗ, ಸೈಜ್ ಅಂದ್ರೆ ಅದರಲ್ಲಿ ಎಷ್ಟು ಕಾಪಿ ಅನ್ನೋದು. ಪೂಲ್ ಡೀಫಾಲ್ಟ್ ಸೈಜ್ 2 ಇದ್ದಿದ್ದನ್ನ 3 ಮಾಡಿದ್ವಿ ಅಂತ ನೆಮ್ಮದಿಯಾಗಿರೋರನ್ನ ನಾನು ನೋಡಿದೀನಿ, ಅದು ಮುಂದೆ ಹುಟ್ಟೋ ಪೂಲಿಗೆ ಮಾತ್ರ, ಇರೋ ಪೂಲುಗಳು 2ರಲ್ಲೇ ಓಡ್ತಿರ್ತವೆ. ಪೂಲ್ ಎಲ್‌ಎಸ್ ಡಿಟೇಲ್ ಕೊಟ್ಟು ಪ್ರತಿ ಪೂಲಿನ ಸೈಜ್, ಮಿನ್ ಸೈಜ್ (ಬರಹ ಒಪ್ಕೊಳ್ಳೋಕೆ ಕನಿಷ್ಠ ಎಷ್ಟು ಕಾಪಿ ಇರಬೇಕು ಅನ್ನೋದು) ಓದಿ, ಇವತ್ತೇ ಓದಿ. ಸೈಜ್ 2, ಮಿನ್ ಸೈಜ್ 1 ಅಂತ ಎಲ್ಲಾದ್ರೂ ಕಂಡ್ರೆ ಆ ಕೆಲಸ ಮೊದಲು ಮಾಡಿ. ಯಾಕಂದ್ರೆ ಒಂದು ಸರ್ವರ್ ರೀಬೂಟ್ ಮಾಡಿದ ಐದು ನಿಮಿಷದಲ್ಲಿ ಹೊಸ ಬರಹ ಎಲ್ಲಾ ಒಂದೇ ಡಿಸ್ಕಿನ ಮೇಲೆ ಬೀಳುತ್ತೆ, ಆ ಐದು ನಿಮಿಷದಲ್ಲಿ ಅದು ಸತ್ರೆ, ವಾಪಸ್ ಬಂದ ಸರ್ವರಲ್ಲಿರೋದು ಹಳೇ ಕಾಪಿ, ಹೊಸದು ಯಾರ ಹತ್ರಾನೂ ಇಲ್ಲ. ಮಿನ್ ಸೈಜ್ 2 ಇದ್ರೆ ಸೆಫ್ ಬರಹಾನ ನಿಲ್ಲಿಸಿ ಕಾಯುತ್ತೆ. ಅಪ್ಲಿಕೇಷನ್ ನಿಂತ್ರೆ ಬೈತಾರೆ ಅಂತ ಮಿನ್ ಸೈಜನ್ನ 1ಕ್ಕೆ ಇಳಿಸೋರಿದಾರೆ, ಆದ್ರೆ ಆ ಗ್ಯಾರಂಟಿಗೋಸ್ಕರಾನೇ ತಾನೇ ನಾವು ಸೆಫ್ ಹಾಕಿದ್ದು.

ಫುಲ್ ರೇಷಿಯೋ, ಅಂದ್ರೆ ಡಿಸ್ಕ್ ಎಷ್ಟು ತುಂಬಿದ್ರೆ ತಡೀಬೇಕು ಅನ್ನೋ ಮಿತಿ, ಅದೂ ಅದೇ ಕಥೆ. ನಿಯರ್‌ಫುಲ್ 85% (ಎಚ್ಚರಿಕೆ), ಬ್ಯಾಕ್‌ಫಿಲ್ ಫುಲ್ 90% (ಬೇರೆ ಡಿಸ್ಕಿಂದ ಡೇಟಾ ತಂದು ತುಂಬೋದು, ಅಂದ್ರೆ ಬ್ಯಾಕ್‌ಫಿಲ್, ನಿಲ್ಲುತ್ತೆ), ಫುಲ್ 95% (ಬರಹ ನಿಲ್ಲುತ್ತೆ). ಹಳೇ ಗೈಡ್ ನೋಡಿ ಫೈಲಲ್ಲಿ ವ್ಯಾಲ್ಯೂ ಬರೆದ್ರೆ ಓಡ್ತಿರೋ ಕ್ಲಸ್ಟರಲ್ಲಿ ಏನೂ ಆಗಲ್ಲ, 2017ರ ಲೂಮಿನಸ್ ವರ್ಷನ್ ಬಂದಾಗಿಂದ ಅದು ಓಎಸ್‌ಡಿ ಮ್ಯಾಪಲ್ಲಿ ಇದೆ, ಸೆಟ್ ಫುಲ್ ರೇಷಿಯೋ ಅನ್ನೋ ಕಮಾಂಡೇ ಕೊಡ್ಬೇಕು. ಒಂದೇ ಒಂದು ಓಎಸ್‌ಡಿ 95 ಮುಟ್ಟಿದ್ರೂ ಅದನ್ನ ಬಳಸೋ ಪೂಲಿಗೆ ಬರಹ ನಿಂತು ಹೋಗುತ್ತೆ, ಒಟ್ಟು ಕ್ಲಸ್ಟರ್ 75ರಲ್ಲಿ ಇದ್ರೂ ಅಷ್ಟೇ. ಅದಕ್ಕೇ ಸರಾಸರಿ ನೋಡ್ಬೇಡಿ, ಓಎಸ್‌ಡಿ ಡಿಎಫ್ ಟ್ರೀ ಕೊಟ್ಟು ಅತೀ ತುಂಬಿರೋ ಡಿಸ್ಕ್ ಎಷ್ಟಿದೆ ಅಂತ ನೋಡಿ. ಮೂರೇ ಸರ್ವರ್ ಇರೋ ಚಿಕ್ಕ ಕ್ಲಸ್ಟರ್ ಲೆಕ್ಕ ಹಾಕಿ, ಒಂದೊಂದರಲ್ಲಿ ನಾಲ್ಕು ಡಿಸ್ಕು, ಮೂರು ಕಾಪಿ, ಹೋಸ್ಟಿಗೊಂದು ಕಾಪಿ. 70% ತುಂಬಿದೆ, ಇನ್ನೂ 30 ಇದೆ ಅನ್ಸುತ್ತೆ. ಒಂದು ಡಿಸ್ಕ್ ಹೋದ್ರೆ ಅದರ ಡೇಟಾ ಬೇರೆ ಸರ್ವರಿಗೆ ಹೋಗೋ ಹಾಗಿಲ್ಲ, ಅಲ್ಲಿ ಆಗಲೇ ಒಂದೊಂದು ಕಾಪಿ ಇದೆ, ಅದೇ ಸರ್ವರಿನ ಉಳಿದ ಮೂರು ಡಿಸ್ಕೇ ಹೊರಬೇಕು. 70ನ್ನ ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿ, 93 ದಾಟುತ್ತೆ. 90ಕ್ಕೇ ಬ್ಯಾಕ್‌ಫಿಲ್ ನಿಂತಿರುತ್ತೆ. ಈ ಲೆಕ್ಕ ಕ್ಲಸ್ಟರ್ ಕಟ್ಟೋ ದಿನ ಕಾಗದದ ಮೇಲೆ ಎರಡು ನಿಮಿಷದ ಕೆಲಸ, ಆಮೇಲೆ ಇಡೀ ರಾತ್ರಿಯ ಕೆಲಸ.

ಇರೇಷರ್ ಕೋಡಿಂಗ್ (ಪೂರ್ತಿ ಕಾಪಿ ಬದಲು ಡೇಟಾನ ತುಂಡು ಮಾಡಿ, ಕಳೆದಿದ್ದನ್ನ ಲೆಕ್ಕ ಹಾಕಿ ತೆಗೆಯೋಕೆ ಹೆಚ್ಚುವರಿ ತುಂಡು ಇಡೋದು) ಹಾಕೋರೂ ಹೀಗೇ ಎಣಿಸ್ಕೊಳ್ಳಿ, 4+2 ಅಂದ್ರೆ ಆರು ತುಂಡು, ಹೋಸ್ಟಿಗೊಂದು ಅಂದ್ರೆ ಆರು ಹೋಸ್ಟ್ ಬೇಕೇ ಬೇಕು, ಐದೇ ಇದ್ರೆ ಆರನೇ ತುಂಡಿಗೆ ಜಾಗ ಸಿಗದೆ ಪಿಜಿಗಳು ಅಂಡರ್‌ಸೈಜ್ಡ್ ಅಂತ ಶಾಶ್ವತವಾಗಿ ಉಳ್ಕೊಳ್ತವೆ, ಯಾವ ಓಎಸ್‌ಡಿ ರೀಸ್ಟಾರ್ಟ್ ಮಾಡಿದ್ರೂ ಹೋಗಲ್ಲ. ಮಾನಿಟರ್ ಎಣಿಕೆ ಸಮ ಸಂಖ್ಯೆ ಇಡ್ಬೇಡಿ, ನಾಲ್ಕಿದ್ರೆ ಬಹುಮತಕ್ಕೆ ಮೂರು ಬೇಕು, ಅಂದ್ರೆ ಒಂದು ಹೋದ್ರೆ ಮಾತ್ರ ತಡ್ಕೊಳ್ಳುತ್ತೆ, ಅದನ್ನ ಮೂರೂ ಮಾಡುತ್ತೆ. ಗಡಿಯಾರದ ವ್ಯತ್ಯಾಸ 0.05 ಸೆಕೆಂಡ್ ದಾಟಿದ್ರೆ ಕ್ಲಾಕ್ ಸ್ಕ್ಯೂ ಅಂತ ಎಚ್ಚರಿಕೆ ಬರುತ್ತೆ, ಸಮಯ ಹೊಂದಿಸೋ ಕ್ರೋನಿ ಪ್ರೋಗ್ರಾಮ್ ಸರಿ ಮಾಡಿ, ಎಚ್ಚರಿಕೆ ಮಿತಿ ಏರಿಸ್ಬೇಡಿ.

ಇನ್ನು ರಿಕವರಿ ಸ್ಪೀಡು. ಹಳೇ ಆಡ್ಮಿನ್ನುಗಳಿಗೆಲ್ಲ ಬೆರಳಲ್ಲೇ ಇರುತ್ತೆ, ಓಎಸ್‌ಡಿ ಮ್ಯಾಕ್ಸ್ ಬ್ಯಾಕ್‌ಫಿಲ್ಸ್ 1 ಇರೋದನ್ನ 4 ಮಾಡು, ಬೇಗ ಮುಗಿಯುತ್ತೆ. ಕ್ವಿನ್ಸಿಯಿಂದ ಎಂಕ್ಲಾಕ್ ಅನ್ನೋ ಹೊಸ ಶೆಡ್ಯೂಲರ್ ಡೀಫಾಲ್ಟ್ ಆಯ್ತು, ಅದು ಕ್ಲೈಂಟ್ ಕೆಲಸ, ರಿಕವರಿ ಕೆಲಸ ಎರಡಕ್ಕೂ ಪಾಲು ಹಂಚೋದು, ಹಾಗಾಗಿ ಆ ಹಳೇ ಸೆಟ್ಟಿಂಗುಗಳನ್ನ ತಾನೇ ಹಿಡ್ಕೊಂಡಿರುತ್ತೆ. ಅಪ್‌ಗ್ರೇಡ್ ಆದ್ಮೇಲೆ ನಾವು 4 ಅಂತ ಹಾಕ್ತಾ ಹೋದ್ವಿ, ರಿಕವರಿ ಸ್ವಲ್ಪಾನೂ ಅಲುಗಾಡ್ಲಿಲ್ಲ. ಓವರ್‌ರೈಡ್ ರಿಕವರಿ ಸೆಟ್ಟಿಂಗ್ಸ್ ಅಂತ ಒಂದು ಆಪ್ಷನ್ ಟ್ರೂ ಮಾಡಿದ್ರೆ ಮಾತ್ರ ನಮ್ಮ ಮಾತು ಕೇಳುತ್ತೆ, ಅದಕ್ಕಿಂತ ಒಳ್ಳೇದು ಪ್ರೊಫೈಲ್ ಬದಲಾಯಿಸೋದು, ರಾತ್ರಿ ಕ್ಲೈಂಟ್ ಕಮ್ಮಿ ಇದ್ದಾಗ ಹೈ ರಿಕವರಿ ಆಪ್ಸ್, ಬೆಳಗ್ಗೆ ವಾಪಸ್ ಬ್ಯಾಲೆನ್ಸ್ಡ್. ಸೆಟ್ ಮಾಡಿದ್ದು ಕೆಲಸಕ್ಕೆ ಬರಲ್ಲ ಅಂದ್ರೆ ಕಮಾಂಡ್ ಕೊಟ್ಟ ಜಾಗದಲ್ಲೇ ಎರರ್ ಕೊಡ್ಬೇಕು, ಸುಮ್ನೆ ಒಪ್ಕೊಂಡ ಹಾಗೆ ಇರಬಾರ್ದು. ಎರಡನೇ ಮಾರ್ಕ್ ಹೋಗಿದ್ದು ಇದಕ್ಕೆ, ಕೋಪಾನೂ ಬಂದಿತ್ತು ಆವತ್ತು.

ಯಾರಿಗೆ ಇದು ಆಗುತ್ತೆ ಅಂದ್ರೆ, ನಾಲ್ಕೈದು ಸರ್ವರಿಗಿಂತ ಜಾಸ್ತಿ ಇದ್ದು, ಡೇಟಾ ಬೆಳೀತಾನೇ ಇರುತ್ತೆ ಅನ್ನೋರಿಗೆ, ನೋಡ್ಕೊಳ್ಳೋಕೆ ಕನಿಷ್ಠ ಇಬ್ಬರಾದ್ರೂ ಇದನ್ನ ಕಲಿಯೋ ಮನಸ್ಸಿರೋರು ಇದ್ರೆ, ಕಣ್ಣುಮುಚ್ಚಿ ಹಾಕಿ. ಎರಡು ಸರ್ವರ್ ಇಟ್ಕೊಂಡು ಸೆಫ್ ಬೇಕು ಅನ್ನೋರಿಗೆ ಬೇಡ ಅಂತೀನಿ, ಅಲ್ಲಿ ಮಾಮೂಲಿ ರೆಪ್ಲಿಕೇಷನ್ನೇ ಸಾಕು. ಡಾಕ್ಯುಮೆಂಟೇಷನ್ ಚೆನ್ನಾಗಿದೆ, ಆದ್ರೆ ಯಾವ ವರ್ಷನ್ನಿಂದು ಓದ್ತಿದೀನಿ ಅಂತ ಅಡ್ರೆಸ್ ಬಾರ್ ನೋಡ್ಕೊಂಡು ಓದಿ, ಹುಡುಕಿದಾಗ ಮೇಲೆ ಬರೋದು ಎಷ್ಟೋ ಸಲ ಹಳೇದಿರುತ್ತೆ. ಒಂದು ಆಪ್ಷನ್ ಬಗ್ಗೆ ಅನುಮಾನ ಬಂದ್ರೆ ಕಾನ್ಫಿಗ್ ಹೆಲ್ಪ್ ಕೊಟ್ಟು ಆ ಹೆಸರು ಹಾಕಿ, ನಿಮ್ಮ ಕ್ಲಸ್ಟರ್ ವರ್ಷನ್ನಿನ ಡೀಫಾಲ್ಟ್ ಏನು, ಓಡ್ತಿರೋವಾಗ ಬದಲಾಯಿಸಿದ್ರೆ ಹತ್ತುತ್ತಾ ಇಲ್ವಾ ಅಂತ ಅಲ್ಲೇ ಹೇಳುತ್ತೆ, ಗೈಡಿಗಿಂತ ಅದನ್ನ ನಂಬಿ.

ಈ ತಿಂಗಳು ನಾವು ಸ್ಕ್ವಿಡ್‌ಗೆ ಅಪ್‌ಗ್ರೇಡ್ ಮಾಡ್ತಿದೀವಿ. ಕಾನ್ಫಿಗ್ ಡಂಪ್, ಓಎಸ್‌ಡಿ ಟ್ರೀ, ಪೂಲ್ ಡಿಟೇಲ್, ಪ್ರತಿ ನೋಡಿಂದ ಒಂದೊಂದು ಓಎಸ್‌ಡಿಯ ಕಾನ್ಫಿಗ್ ಶೋ, ಇಷ್ಟನ್ನೂ ಆಗಲೇ ಫೈಲಿಗೆ ಹಾಕಿ ಇಟ್ಟಾಗಿದೆ, ಎಲ್ಲಾ ಸ್ವಿಚ್ ಪೋರ್ಟುಗಳ ಮೇಲೂ 8972ರ ಪಿಂಗ್ ಹೊಡೆದಾಗಿದೆ. ಅಪ್‌ಗ್ರೇಡ್ ಮುಗಿದ ಮೇಲೆ ಅವೇ ಕಮಾಂಡುಗಳನ್ನ ಮತ್ತೆ ಓಡಿಸಿ ಡಿಫ್ (ಮುಂಚಿನದಕ್ಕೂ ಈಗಿನದಕ್ಕೂ ವ್ಯತ್ಯಾಸ) ತೆಗೀತೀನಿ, ಯಾವ ಸಾಲು ಬದಲಾಗಿದೆ, ಯಾಕೆ ಅಂತ ಒಂದೊಂದಕ್ಕೂ ಕಾರಣ ಸಿಕ್ಕಿದ ಮೇಲೇನೇ ನೋಔಟ್ ಫ್ಲ್ಯಾಗ್ (ಡೌನ್ ಆದ ಓಎಸ್‌ಡಿಗಳನ್ನ ಪಟ್ಟಿಯಿಂದ ಹೊರಗೆ ಹಾಕ್ಬೇಡ ಅನ್ನೋದು) ತೆಗೆಯೋದು.